ಒಂಬತ್ತು ಬೆರಳು, ಎರಡು ಸಾವಿರ ರಾತ್ರಿ

ನನಗೂ ನನ್ನ ರೂಮ್‌ಮೇಟ್‌ಗೂ ಒಂದು ಹಳೇ ಜಗಳವಿದೆ. 1977ರ ಮೇ 8ರ ರಾತ್ರಿ ಹೆಚ್ಚೋ, 1972ರ ಆಗಸ್ಟ್ 27ರ ಮಧ್ಯಾಹ್ನ ಹೆಚ್ಚೋ ಅಂತ. ನಾವಿಬ್ಬರೂ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಅಮೆರಿಕದಲ್ಲಿ ಒಂದೇ ರಾಕ್ ಬ್ಯಾಂಡ್ ಕೊಟ್ಟ ಎರಡು ಕಛೇರಿಗಳವು. ಬ್ಯಾಂಡಿನ ಹೆಸರು ಗ್ರೇಟ್‌ಫುಲ್ ಡೆಡ್. ಅದರ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ. ಅವನು ಸತ್ತದ್ದು 1995ರಲ್ಲಿ. ಇಂಥ ಜಗಳ ಮಾತ್ರ ಅವನ ಅಭಿಮಾನಿಗಳಿರುವ ಕಡೆಯೆಲ್ಲ ಇನ್ನೂ ನಡೆಯುತ್ತಲೇ ಇದೆ.

ಜೆರ್ರಿ ಹುಟ್ಟಿದ್ದು 1942ರ ಆಗಸ್ಟ್ 1ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಪ್ಪ ಸಂಗೀತಗಾರ. ಜೆರ್ರಿಗೆ ನಾಲ್ಕು ವರ್ಷವಿದ್ದಾಗ ಅಣ್ಣ ಸೌದೆ ಒಡೆಯುತ್ತಿದ್ದ. ಈ ಹುಡುಗ ಕಟ್ಟಿಗೆ ಹಿಡಿದುಕೊಂಡಿದ್ದ. ಕೊಡಲಿ ತಪ್ಪಿ ಬಿತ್ತು, ಬಲಗೈ ನಡುಬೆರಳಿನ ಮೂರರಲ್ಲಿ ಎರಡು ಪಾಲು ಹೋಯಿತು. ವರ್ಷ ತುಂಬುವ ಮೊದಲೇ ಮೀನು ಹಿಡಿಯಲು ಹೋಗಿದ್ದ ಅಪ್ಪ ಹೊಳೆಯಲ್ಲಿ ಮುಳುಗಿ ತೀರಿಕೊಂಡ. ಅಮ್ಮ ಬಾರ್ ನಡೆಸಲು ನಿಂತಳು, ಹುಡುಗ ಅಜ್ಜಿಯ ಮನೆಯಲ್ಲಿ ಬೆಳೆದ. ಹದಿನೈದನೇ ಹುಟ್ಟುಹಬ್ಬಕ್ಕೆ ಅಮ್ಮ ಅಕಾರ್ಡಿಯನ್ ತಂದುಕೊಟ್ಟಳು. ಅವನು ಹಟ ಮಾಡಿ, ಗಿರವಿ ಅಂಗಡಿಯಲ್ಲಿ ಅದನ್ನು ಎಲೆಕ್ಟ್ರಿಕ್ ಗಿಟಾರ್‌ಗೆ ಬದಲಾಯಿಸಿಕೊಂಡ.

ಓದು ಹತ್ತಲಿಲ್ಲ. 1960ರಲ್ಲಿ ಸೈನ್ಯ ಸೇರಿದವನನ್ನು ಶಿಸ್ತಿಲ್ಲವೆಂದು ಅದೇ ವರ್ಷ ಮನೆಗೆ ಕಳಿಸಿದರು. 1961ರ ಫೆಬ್ರುವರಿಯಲ್ಲಿ ಸ್ನೇಹಿತರೊಂದಿಗೆ ಹೋಗುತ್ತಿದ್ದ ಕಾರು ಉರುಳಿತು. ಜೆರ್ರಿ ಹೊರಗೆ ಹಾರಿಬಿದ್ದು ಉಳಿದ, ಗೆಳೆಯನೊಬ್ಬ ಸತ್ತ. ಅಲ್ಲಿಯತನಕ ಅಲೆದುಕೊಂಡಿದ್ದವನು ಆಮೇಲೆ ದಿನವಿಡೀ ಅಭ್ಯಾಸಕ್ಕೆ ಕೂತ. ಹಿಡಿದದ್ದು ಬ್ಯಾಂಜೊ. ಅದರ ನುಡಿಸಾಣಿಕೆಯೆಲ್ಲ ಬಲಗೈ ಬೆರಳುಗಳ ಮೇಲೆ, ಇವನಿಗೆ ಅದರಲ್ಲೇ ಒಂದು ಮೋಟು! ಪಾಲೊ ಆಲ್ಟೊದ ವಾದ್ಯಗಳ ಅಂಗಡಿಯೊಂದರಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದ.

1964ರಲ್ಲಿ ಅವನು ಗೆಳೆಯನ ಜೊತೆ ಟೇಪ್ ರೆಕಾರ್ಡರ್ ಹೊತ್ತು, ಬ್ಲೂಗ್ರಾಸ್ ಹಾಡುಗಾರರ ಕಛೇರಿಗಳನ್ನು ಧ್ವನಿಮುದ್ರಿಸಿಕೊಳ್ಳಲು ದೇಶದ ಇನ್ನೊಂದು ಮೂಲೆಯವರೆಗೆ ಹೋಗಿದ್ದ. ಮುಂದೆ ಅಭಿಮಾನಿಗಳು ತನ್ನ ಕಛೇರಿಗೇ ಮೈಕ್ ಹಿಡಿದುಕೊಂಡು ಬಂದಾಗ ಅವನು ಬೈಯದೇ ಇದ್ದದ್ದಕ್ಕೆ ಇದೂ ಕಾರಣ ಎಂದು ನನ್ನ ಊಹೆ.

ಬ್ಯಾಂಡ್ ಶುರುವಾಗಿದ್ದು 1965ರಲ್ಲಿ. ಮೂವತ್ತು ವರ್ಷದಲ್ಲಿ 2300ಕ್ಕೂ ಹೆಚ್ಚು ಕಛೇರಿ. ನಿನ್ನೆ ಹಾಡಿದ ಪಟ್ಟಿಯನ್ನು ಇವತ್ತು ಹಾಡುತ್ತಿರಲಿಲ್ಲ. ಒಂದೇ ಹಾಡು ಒಂದು ರಾತ್ರಿ ಹತ್ತು ನಿಮಿಷ, ಇನ್ನೊಂದು ರಾತ್ರಿ ಅರ್ಧ ಗಂಟೆ. ನಮ್ಮಲ್ಲಿ ರಾಗ ಬೆಳೆಸುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಹಾಗಾಗಿ ಒಂದು ಆಲ್ಬಂ ಕೊಂಡರೆ ಸಾಲುತ್ತಿರಲಿಲ್ಲ, ಪ್ರತಿ ರಾತ್ರಿಯೂ ಬೇಕು. 1984ರಲ್ಲಿ ಬ್ಯಾಂಡಿನವರೇ ಧ್ವನಿಮುದ್ರಿಸುವವರಿಗೆ ಪ್ರತ್ಯೇಕ ಜಾಗ ಕೊಟ್ಟರು. ಕ್ಯಾಸೆಟ್ ಹಂಚಿಕೊಳ್ಳಬಹುದು, ಮಾರಕೂಡದು ಅನ್ನುವುದೊಂದೇ ಕಟ್ಟಳೆ. ಕಂಪನಿಯ ಆಲ್ಬಂಗಳಲ್ಲಿ 1969ರ ‘ಲೈವ್/ಡೆಡ್’ ಬಗ್ಗೆ ಎರಡು ಮಾತಿಲ್ಲ. ‘ಯುರೋಪ್ 72’ಕ್ಕೆ ಮಾತ್ರ ಹಾಡಿನ ದನಿಗಳನ್ನು ಆಮೇಲೆ ಸ್ಟುಡಿಯೊದಲ್ಲಿ ತಿದ್ದಿದರೆಂದು ಹಳಬರು ಇಂದಿಗೂ ಮೂಗು ಮುರಿಯುತ್ತಾರೆ.

ರೂಮ್‌ಮೇಟ್ ಹಿಡಿದು ಕೂತಿರುವ 1977ರ ರಾತ್ರಿ ಕಾರ್ನೆಲ್ ವಿಶ್ವವಿದ್ಯಾಲಯದ್ದು. ಮೇ ತಿಂಗಳಲ್ಲೂ ಅಂದು ಹಿಮ ಬಿದ್ದಿತ್ತಂತೆ. ಅದನ್ನು ಧ್ವನಿಮುದ್ರಿಸಿದವಳು ಬೆಟ್ಟಿ ಕ್ಯಾಂಟರ್ ಜಾಕ್ಸನ್. ಮುಂದೆ ಅವಳ ಕೈ ಖಾಲಿಯಾಗಿ, ಟೇಪುಗಳಿದ್ದ ಗೋದಾಮು ಬಾಡಿಗೆ ಬಾಕಿಗೆ 1986ರಲ್ಲಿ ಹರಾಜಾಯಿತು. ಕೊಂಡವರಿಂದ ಅಭಿಮಾನಿಗಳಿಗೆ ಹೋಗಿ, ಕೈಯಿಂದ ಕೈಗೆ ದಾಟಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಉಳಿಸಬೇಕಾದ ಧ್ವನಿಮುದ್ರಣಗಳ 2011ರ ಪಟ್ಟಿಗೂ ಅದು ಸೇರಿತು. ಅದರ ಕೀರ್ತಿಯಲ್ಲಿ ಅರ್ಧ ಬೆಟ್ಟಿಯದು ಎಂಬುದು ನನ್ನ ವಾದ. ನನ್ನ ಓಟು 1972ರ ವೆನೀಟಾಕ್ಕೆ. ಆರೆಗಾನ್ ರಾಜ್ಯದ ಒಂದು ಬಯಲು, ಕಷ್ಟದಲ್ಲಿದ್ದ ಹಾಲಿನ ಡೇರಿಗೆ ಹಣ ಕೂಡಿಸುವ ಕಛೇರಿ. ಟಿಕೆಟ್ ಅಚ್ಚಾಗಿದ್ದು ಮೊಸರಿನ ಡಬ್ಬಿಯ ಲೇಬಲ್ ಮೇಲೆ! ಬಿಸಿಲಿಗೆ ತಂತಿಗಳು ಶ್ರುತಿ ತಪ್ಪುತ್ತಿದ್ದವು. ಆದರೂ ‘ಡಾರ್ಕ್ ಸ್ಟಾರ್’ ಅರ್ಧ ಗಂಟೆ ಹರಿಯಿತು.

ಎಪ್ಪತ್ತರ ದಶಕದ ಕೊನೆಗೆ ಜೆರ್ರಿಗೆ ಹೆರಾಯಿನ್ ಅಂಟಿತು. 1986ರ ಜುಲೈನಲ್ಲಿ ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ಕೋಮಾ. ಎದ್ದಾಗ ಕೈಗೆ ಗಿಟಾರ್ ಮರೆತಿತ್ತು. ಕೀಬೋರ್ಡ್ ವಾದಕ ಗೆಳೆಯ ಮೆರ್ಲ್ ಸಾಂಡರ್ಸ್ ಪಕ್ಕದಲ್ಲಿ ಕೂತು, ಮಗುವಿಗೆ ಹೇಳಿಕೊಟ್ಟಂತೆ ಮೊದಲಿನಿಂದ ಹೇಳಿಕೊಟ್ಟ. ಡಿಸೆಂಬರ್‌ನಲ್ಲಿ ಜೆರ್ರಿ ಗ್ರೇಟ್‌ಫುಲ್ ಡೆಡ್ ಜೊತೆ ಮತ್ತೆ ವೇದಿಕೆಗೆ ಬಂದ. ಮರುವರ್ಷ ‘ಟಚ್ ಆಫ್ ಗ್ರೇ’ ಅಮೆರಿಕದ ಮೊದಲ ಹತ್ತು ಹಾಡುಗಳಲ್ಲೊಂದಾಯಿತು. ಬ್ಯಾಂಡಿಗೆ ಆ ಯೋಗ ಬಂದದ್ದು ಅದೊಂದೇ ಸಲ. ಜನ ಸ್ಟೇಡಿಯಂ ತುಂಬತೊಡಗಿದರು. ಬ್ಯಾಂಡಿನ ಸಂಬಳ ನಂಬಿದ ಸಂಸಾರಗಳೂ ಹೆಚ್ಚಾಗಿದ್ದವು. ಹಾಗಾಗಿ ವಿಶ್ರಾಂತಿ ಬೇಕಾದವನಿಗೇ ಅದು ಸಿಗಲಿಲ್ಲ.

1995ರ ಆಗಸ್ಟ್ 9ರ ನಸುಕಿನಲ್ಲಿ, ಚಟ ಬಿಡಿಸುವ ಕೇಂದ್ರವೊಂದರಲ್ಲಿ, ನಿದ್ದೆಯಲ್ಲೇ ಹೃದಯ ನಿಂತಿತು. 53 ವರ್ಷ. ಚಿತಾಭಸ್ಮದ ಒಂದು ಪಾಲನ್ನು 1996ರಲ್ಲಿ ಹೃಷಿಕೇಶಕ್ಕೆ ತಂದು ಗಂಗೆಯಲ್ಲಿ ಬಿಟ್ಟರು.

ಅದಕ್ಕೆ ಒಂದು ತಿಂಗಳ ಹಿಂದೆ, ಜುಲೈ 9ರಂದು, ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ಅವರ ಕೊನೆಯ ಕಛೇರಿ. ಅದರ ಧ್ವನಿಮುದ್ರಣವೂ ನಮ್ಮ ಬಳಿ ಇದೆ. ದನಿ ಬಳಲಿದೆ, ಬೆರಳು ಹಿಂದೆ ಬೀಳುತ್ತದೆ. ‘ಸೋ ಮೆನಿ ರೋಡ್ಸ್’ ಹಾಡಿನ ಕೊನೆಗೆ ಮಾತ್ರ ಎಲ್ಲಿತ್ತೋ ಏನೋ, ದನಿ ಮೇಲೇಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಅದನ್ನು ನಾವಿಬ್ಬರೂ ಒಮ್ಮೆ ಮಾತ್ರ ಜೊತೆಯಲ್ಲಿ ಕೇಳಿದ್ದೇವೆ. ಅವತ್ತು ಯಾರೂ ಜಗಳ ತೆಗೆಯಲಿಲ್ಲ. ಅವನು ಎದ್ದು ಲೈಟ್ ಆರಿಸಿದ.