ಕಪ್ಪತಗುಡ್ಡದ ಶಿಲೆಗಳನ್ನು ಓದಿದ ರಾಬರ್ಟ್ ಬ್ರೂಸ್ ಫೂಟ್

ಗದಗ ಎಂದೊಡನೆ ಕರಾವಳಿಯವರಾದ ನಮಗೆ ನೆನಪಾಗುವುದು ಕುಮಾರವ್ಯಾಸ, ವೀರನಾರಾಯಣ ದೇವಾಲಯ, ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮ ಮತ್ತು ಬೆಟಗೇರಿಯ ನೇಕಾರರು. ಲಕ್ಷ್ಮೇಶ್ವರ ಎಂದರೆ ಹಳೆಯ ಪುಲಿಗೆರೆ, ತಿರುಳ್ಗನ್ನಡದ ನಾಡು. ಆದರೆ ಗದಗ, ಶಿರಹಟ್ಟಿ, ಮುಂಡರಗಿಗಳ ನಡುವೆ ಉದ್ದಕ್ಕೂ ಚಾಚಿಕೊಂಡಿರುವ ಕಪ್ಪತಗುಡ್ಡಕ್ಕೆ ವಿಜ್ಞಾನದ ಚರಿತ್ರೆಯಲ್ಲೂ ಒಂದು ಸ್ಥಾನವಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಇಲ್ಲಿ ನಡೆದ ಒಂದು ತನಿಖೆ ದಕ್ಷಿಣ ಭಾರತದ ಚಿನ್ನದ ಶಿಲೆಗಳನ್ನು ಅರಿಯಲು ದಾರಿ ತೋರಿತು. ಆ ತನಿಖೆ ನಡೆಸಿದವರು ರಾಬರ್ಟ್ ಬ್ರೂಸ್ ಫೂಟ್.

ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಇವರನ್ನು ಪಠ್ಯಪುಸ್ತಕಗಳು ಕರೆಯುತ್ತವೆ. ಅವರು ಏನನ್ನು ಕಂಡುಹಿಡಿದರು ಎಂಬುದು ಹಲವರಿಗೆ ಗೊತ್ತು. ಹೇಗೆ ಕಂಡುಹಿಡಿದರು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಸಂಶೋಧನೆ ಎಂದರೆ ದೊಡ್ಡ ಪ್ರಯೋಗಾಲಯ, ದುಬಾರಿ ಯಂತ್ರ ಎಂದು ಭಾವಿಸಿರುವ ಇಂದಿನ ವಿದ್ಯಾರ್ಥಿಗಳಿಗೆ ಅವರ ಬದುಕಿನಲ್ಲಿ ಕಲಿಯಬೇಕಾದದ್ದು ಬಹಳಷ್ಟಿದೆ.

ಮದ್ರಾಸಿಗೆ ಬಂದ ತರುಣ

ಫೂಟ್ ಅವರು ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ. 1858ರಲ್ಲಿ, ತಮ್ಮ 24ನೇ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿ ಮದ್ರಾಸಿಗೆ ಬಂದರು. ಇಲಾಖೆ ಆಗಿನ್ನೂ ಏಳು ವರ್ಷದ ಕೂಸು. ತಮಿಳು ವಿದ್ವಾಂಸರೂ ಮಿಷನರಿಯೂ ಆಗಿದ್ದ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾದರು. ಮುಂದಿನ 33 ವರ್ಷ ಇಲಾಖೆಯ ಕೆಲಸದಲ್ಲಿ ದಕ್ಷಿಣ ಭಾರತದ ಉದ್ದಗಲಕ್ಕೂ ತಿರುಗಾಡಿದರು.

1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ, ಜಲ್ಲಿ ತೆಗೆಯುವ ಗುಂಡಿಯೊಂದರ ಪಕ್ಕ ಅವರಿಗೆ ಒಂದು ಕಲ್ಲು ಸಿಕ್ಕಿತು. ಅದು ಮನುಷ್ಯನ ಕೈಯಿಂದ ಕೆತ್ತಿದ ಕೊಡಲಿಯ ಆಕಾರದಲ್ಲಿತ್ತು. ಫ್ರಾನ್ಸಿನ ಸೋಮ್ ನದಿಯ ದಂಡೆಯಲ್ಲಿ ಇಂತಹ ಕಲ್ಲುಗಳು ಸಿಕ್ಕ ಸುದ್ದಿಯನ್ನು ಅವರು ಆಗಲೇ ಓದಿದ್ದರು. ಹಾಗಾಗಿ ಇತರರ ಕಣ್ಣಿಗೆ ಬರಿಯ ಜಲ್ಲಿಯಾಗಿ ಕಾಣುತ್ತಿದ್ದ ಕಲ್ಲು ಅವರಿಗೆ ಬೇರೆಯಾಗಿ ಕಂಡಿತು.

ಇಲ್ಲೇ ಅವರ ಮೊದಲ ಪಾಠವಿದೆ. ಗುಂಡಿಯಿಂದ ಹೊರಗೆ ಬಿದ್ದಿದ್ದ ಒಂದೇ ಕಲ್ಲನ್ನು ಹಿಡಿದು ಅವರು ತೀರ್ಪು ಕೊಡಲಿಲ್ಲ. ಅದು ಎಲ್ಲಿಂದಲೋ ಬಂದು ಬಿದ್ದದ್ದಿರಬಹುದು ಎಂದು ಯಾರಾದರೂ ಹೇಳಬಹುದಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿ ಹುಡುಕಿದಾಗ ಅಂತಹ ಉಪಕರಣಗಳು ಮಣ್ಣಿನ ಪದರದ ಒಳಗೇ ಸಿಕ್ಕವು. ನಮ್ಮೂರಿನ ಮುರಕಲ್ಲಿನ ಜಾತಿಯ ಕೆಂಪು ಜಲ್ಲಿಯ ಪದರಗಳಿಗೂ ಈ ಉಪಕರಣಗಳಿಗೂ ಇರುವ ಸಂಬಂಧ ಅವರಿಗೆ ಸ್ಪಷ್ಟವಾಯಿತು. ಈ ನೆಲದಲ್ಲಿ ಅತಿ ಪ್ರಾಚೀನ ಕಾಲದಲ್ಲೇ ಮನುಷ್ಯ ವಾಸವಿದ್ದ ಎಂಬುದಕ್ಕೆ ಹೀಗೆ ಆಧಾರ ದೊರೆಯಿತು.

ದಂಬಳದ ಗುಡ್ಡಗಳಲ್ಲಿ

ಆಗ ಇಂಗ್ಲಿಷರು ದಕ್ಷಿಣ ಮರಾಠಾ ಪ್ರಾಂತ ಎಂದು ಕರೆಯುತ್ತಿದ್ದ ಧಾರವಾಡ, ಬೆಳಗಾವಿ, ಬಿಜಾಪುರದ ಕಡೆಯ ಸರ್ವೇಕ್ಷಣೆ ಮುಂದೆ ಅವರ ಪಾಲಿಗೆ ಬಂತು. ಆ ಕಾಲದಲ್ಲಿ ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೂ ಸೇರಿದ್ದವು. ಕೆಲವೇ ಹರದಾರಿ ದೂರದಲ್ಲಿ ಮೂರು ಆಡಳಿತಗಳು. ಆದರೆ ನೆಲದ ಕೆಳಗಿನ ಶಿಲೆಗಳಿಗೆ ಈ ಗಡಿಗಳ ಹಂಗಿರಲಿಲ್ಲ.

ಕಪ್ಪತಗುಡ್ಡದ ಹಳ್ಳಗಳಲ್ಲಿ ಚಿನ್ನ ಸಿಗುತ್ತದೆ ಎಂಬುದು ಹಳೆಯ ಮಾತು. ಮದ್ರಾಸ್ ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬುವರು ಫೂಟ್ ಅವರಿಗಿಂತ ಮೊದಲೇ ಇಲ್ಲಿಗೆ ಬಂದು ಅದನ್ನು ಬರೆದಿಟ್ಟಿದ್ದರು. ಸ್ಥಳೀಯರಿಗಂತೂ ಅದು ಕಸುಬೇ ಆಗಿತ್ತು. ಜಲಗಾರರು ಎಂದು ಕರೆಯಲ್ಪಡುತ್ತಿದ್ದ ಈ ಜನರು ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ಹಾಕಿ, ನೀರು ಬಿಟ್ಟು ಅಲ್ಲಾಡಿಸಿ ತೊಳೆಯುತ್ತಿದ್ದರು.

ಇದರ ಹಿಂದಿನ ವಿಜ್ಞಾನ ಸರಳ. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ. ಸಾಮಾನ್ಯ ಬೆಣಚು ಮರಳು ನೀರಿಗಿಂತ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು, ಕಬ್ಬಿಣದ ಅಂಶವಿರುವ ಕಪ್ಪು ಮರಳು ಸುಮಾರು ಐದು ಪಟ್ಟು ಭಾರ. ಮರಿಗೆಯನ್ನು ಅಲ್ಲಾಡಿಸಿದಂತೆಲ್ಲ ಹಗುರವಾದದ್ದು ನೀರಿನೊಡನೆ ಹೊರಗೆ ಹರಿಯುತ್ತದೆ. ತಳದಲ್ಲಿ ಕಪ್ಪು ಮರಳೂ ಅದರ ಜೊತೆ ಚಿನ್ನದ ಹುಡಿಯೂ ಉಳಿಯುತ್ತವೆ. ಬೇಡದ್ದನ್ನು ಹಂತ ಹಂತವಾಗಿ ಕಳೆದು ಬೇಕಾದದ್ದನ್ನು ಉಳಿಸಿಕೊಳ್ಳುವ ಈ ಕ್ರಮ ಇಂದಿನ ರಸಾಯನಶಾಸ್ತ್ರದ ವಿಶ್ಲೇಷಣೆಯಲ್ಲೂ ಮುಖ್ಯವಾದದ್ದೇ. ಹೆಸರು ದಾಖಲಾಗದ ಆ ಜಲಗಾರರ ಅನುಭವವನ್ನು ಫೂಟ್ ಅವರು ಕಡೆಗಣಿಸಲಿಲ್ಲ. ಅವರಿಂದಲೇ ಮರಳು ತೊಳೆಸಿ ಫಲವನ್ನು ಕಣ್ಣಾರೆ ಕಂಡರು.

ಆದರೆ ಹಳ್ಳದ ಮರಳಲ್ಲಿ ಚಿನ್ನವಿದೆ ಎಂದಷ್ಟೇ ತಿಳಿದರೆ ಸಾಲದು. ಮರಳಿಗೆ ಅದು ಬಂದದ್ದು ಎಲ್ಲಿಂದ? ಇದೇ ಅವರ ಮುಂದಿದ್ದ ಪ್ರಶ್ನೆ. ಉತ್ತರಕ್ಕಾಗಿ ಅವರು ಗುಡ್ಡಸಾಲನ್ನೇ ಅಡ್ಡ ದಾಟಿ ಶಿಲೆಗಳನ್ನು ಗುರುತಿಸಿದರು. ಅಲ್ಲಿಯ ಶಿಲೆಗಳು ಪಟ್ಟೆ ಪಟ್ಟೆಯಾಗಿ ಹರಡಿದ್ದವು. ಅವುಗಳನ್ನು ಊರುಗಳ ಮತ್ತು ಗುಡ್ಡದ ಹೆಸರಿನಲ್ಲೇ ಡೋಣಿ, ಕಪ್ಪತಗುಡ್ಡ, ಸೊರಟೂರು ಎಂದು ಮೂರು ಪಂಕ್ತಿಗಳಾಗಿ ವಿಂಗಡಿಸಿದರು. ಗುಡ್ಡದ ಎತ್ತರದ ಸಾಲಿನಲ್ಲಿ ಕಬ್ಬಿಣದ ಅಂಶವಿರುವ ಗಟ್ಟಿ ಶಿಲೆಗಳಿದ್ದವು. ಸೊರಟೂರಿನ ಕಡೆ ಹಸಿರು ಛಾಯೆಯ ಪದರು ಶಿಲೆಗಳಿದ್ದವು.

ಬಳಿಕ, ಚಿನ್ನ ಕೊಡುವ ಹಳ್ಳಗಳು ಹುಟ್ಟುವುದು ಎಲ್ಲಿ ಎಂದು ನೋಡಿದರು. ಅವೆಲ್ಲವೂ ಸೊರಟೂರು ಪಂಕ್ತಿಯ ಶಿಲೆಗಳಿರುವ ಪ್ರದೇಶದಲ್ಲೇ ಹುಟ್ಟುತ್ತಿದ್ದವು. ಅಂದರೆ ಚಿನ್ನದ ಮೂಲ ಆ ಶಿಲೆಗಳಲ್ಲಿರಬೇಕು. ಮರಳಿನಿಂದ ಹಳ್ಳಕ್ಕೆ, ಹಳ್ಳದಿಂದ ಗುಡ್ಡಕ್ಕೆ, ಗುಡ್ಡದಿಂದ ಶಿಲೆಗೆ ಎಂಬಂತೆ ಅವರು ಕಾರ್ಯದಿಂದ ಕಾರಣದ ಕಡೆಗೆ ಹಿಂದಕ್ಕೆ ನಡೆದರು. ಈ ಎಲ್ಲ ವಿವರಗಳನ್ನು 1874ರಲ್ಲಿ, ದಂಬಳ ಗುಡ್ಡಗಳ ಚಿನ್ನದ ಶಿಲೆಗಳ ಕುರಿತ ಲೇಖನವಾಗಿ ಇಲಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಚಿನ್ನದ ಜ್ವರಕ್ಕೆ ಬಲಿಯಾಗದ ಮನಸ್ಸು

ಚಿನ್ನ ಎಂದರೆ ಯಾರ ಮನಸ್ಸಾದರೂ ಚಂಚಲವಾಗುತ್ತದೆ. ಚಿನ್ನದ ಮೂಲ ಗುರುತಿಸಿದವರು ಇಲ್ಲೊಂದು ನಿಧಿಯೇ ಇದೆ ಎಂದು ಸಾರಿದ್ದರೆ ನಂಬುವವರಿಗೆ ಕೊರತೆ ಇರುತ್ತಿರಲಿಲ್ಲ. ಫೂಟ್ ಅವರು ಹಾಗೆ ಮಾಡಲಿಲ್ಲ. ಚಿನ್ನ ಇರುವುದು ನಿಜ ಎಂಬುದು ಒಂದು ಮಾತು, ಅದನ್ನು ತೆಗೆದರೆ ಲಾಭವಿದೆ ಎಂಬುದು ಇನ್ನೊಂದು ಮಾತು. ಇವೆರಡನ್ನೂ ಅವರು ಬೆರೆಸಲಿಲ್ಲ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬಹಳ ದೂರವಿರಲಿಲ್ಲ. ಕೆಲವೇ ವರ್ಷಗಳಲ್ಲಿ, 1880ರ ಆಸುಪಾಸಿನಲ್ಲಿ, ವಯನಾಡಿನ ಚಿನ್ನದ ಸುದ್ದಿ ಲಂಡನ್ನಿನಲ್ಲಿ ಹರಡಿತು. ಹತ್ತಾರು ಕಂಪನಿಗಳು ಹುಟ್ಟಿಕೊಂಡವು, ಜನ ಹಣ ಸುರಿದರು. ಎರಡು ಮೂರು ವರ್ಷಗಳಲ್ಲಿ ಎಲ್ಲವೂ ಕುಸಿಯಿತು. ಗದಗದ ಕಡೆಯೂ 20ನೇ ಶತಮಾನದ ಮೊದಲ ದಶಕದಲ್ಲಿ ಕಂಪನಿಗಳು ಬಂದು ಗಣಿ ತೋಡಿದವು. ನಿರೀಕ್ಷಿಸಿದ ಲಾಭ ಬಾರದೆ ಕೆಲವೇ ವರ್ಷಗಳಲ್ಲಿ ಕೆಲಸ ನಿಂತಿತು. ಸಂಶೋಧಕನ ವರದಿಯಲ್ಲಿ ಒಂದು ಮಾತು ಹೆಚ್ಚಾದರೂ ಅದರ ಬೆಲೆ ತೆರುವವರು ಬೇರೆಯವರು ಎಂಬುದನ್ನು ಇದರಿಂದ ನಾವು ತಿಳಿಯಬೇಕು.

ತಮ್ಮ ಮಾತನ್ನು ತಾವೇ ತಿದ್ದಿದರು

1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಪ್ರಾಂತದ ಬೃಹತ್ ವರದಿಯಲ್ಲಿ ಫೂಟ್ ಅವರು ಕಪ್ಪತಗುಡ್ಡದ ಶಿಲೆಗಳನ್ನು ನಾಡಿನ ತಳಹದಿಯಾದ ಹಳೆಯ ನೈಸ್ ಶಿಲೆಗಳ ಗುಂಪಿಗೇ ಸೇರಿಸಿದ್ದರು. ಆದರೆ ಬಳಿಕ ಬಳ್ಳಾರಿ, ಸೊಂಡೂರು ಕಡೆ ಕೆಲಸ ಮಾಡುವಾಗ ಅವರಿಗೆ ಬೇರೆಯೇ ಚಿತ್ರ ಕಂಡಿತು. ಈ ಪದರು ಶಿಲೆಗಳು ನೈಸ್ ಶಿಲೆಗಳ ಭಾಗವಲ್ಲ, ಅವುಗಳ ಮೇಲೆ ಕುಳಿತಿರುವ ಪ್ರತ್ಯೇಕ ಸಮೂಹ ಎಂದು ಅವರಿಗೆ ಮನವರಿಕೆಯಾಯಿತು.

ತಾವು ಬರೆದ ದೊಡ್ಡ ಗ್ರಂಥದ ಮಾತನ್ನು ತಾವೇ ಬದಲಿಸುವುದು ಸುಲಭವಲ್ಲ. ಅವರು ಹಿಂಜರಿಯಲಿಲ್ಲ. ಈ ಶಿಲಾಸಮೂಹಕ್ಕೆ ಧಾರವಾಡ ಎಂಬ ಹೆಸರು ಕೊಟ್ಟರು. 1888-89ರ ಲೇಖನಗಳಲ್ಲಿ ದಕ್ಷಿಣ ಭಾರತದ ಪ್ರಮುಖ ಚಿನ್ನದ ಶಿಲೆಗಳು ಇವೇ ಎಂದು ಪ್ರತಿಪಾದಿಸಿದರು. ಕೋಲಾರವೂ ದಂಬಳವೂ ಒಂದಕ್ಕೊಂದು ಎಷ್ಟೋ ದೂರ. ಆದರೆ ಎರಡೂ ಕಡೆಯ ಶಿಲೆಗಳ ಗುಣವನ್ನು ಹೋಲಿಸಿ ಅವು ಒಂದೇ ಸಮೂಹಕ್ಕೆ ಸೇರಿದವು ಎಂದರು. ನಕ್ಷೆಯಲ್ಲಿ ಅವರು ಗುರುತಿಸಿದ ಪಟ್ಟಿಗಳಲ್ಲಿ ಒಂದಕ್ಕೆ ದಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿ ಎಂದೇ ಹೆಸರು. ಮುಂಡರಗಿ ತಾಲೂಕಿನ ಒಂದು ಹಳ್ಳಿಯ ಹೆಸರು ಹೀಗೆ ಭೂವಿಜ್ಞಾನದ ಗ್ರಂಥಗಳನ್ನು ಸೇರಿತು. ಇಂದು ಧಾರವಾಡ ಎಂಬ ಹೆಸರು ಜಗತ್ತಿನ ಎಲ್ಲ ಭೂವಿಜ್ಞಾನಿಗಳಿಗೂ ಪರಿಚಿತ.

ಆ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ ಎಂದು ಇಂದು ನಾವು ಹೇಳಬಲ್ಲೆವು. ವಿಕಿರಣಶೀಲ ಧಾತುಗಳ ಮೂಲಕ ವಯಸ್ಸು ಅಳೆಯುವ ವಿಧಾನ ಫೂಟ್ ಅವರ ಕಾಲದಲ್ಲಿ ಇರಲಿಲ್ಲ. ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಯಾವುದನ್ನು ಕತ್ತರಿಸಿದೆ ಎಂದು ನೋಡಿ ಹಿಂದು ಮುಂದು ನಿರ್ಧರಿಸಬೇಕಾಗಿತ್ತು. ಅವರ ತೀರ್ಮಾನವನ್ನು ಬಳಿಕದವರು ಪ್ರಶ್ನಿಸಿದರು, ದಶಕಗಳ ಕಾಲ ವಾದ ನಡೆಯಿತು, ವಿವರಗಳು ಬದಲಾದವು. ಅದೇ ವಿಜ್ಞಾನದ ರೀತಿ.

ಬೂದಿಯ ದಿಬ್ಬ ಮತ್ತು ರಾಕ್ಷಸನ ಕಥೆ

ಇನ್ನೊಂದು ಉದಾಹರಣೆ ಹೇಳದೆ ಈ ಲೇಖನ ಪೂರ್ಣವಾಗದು. ಬಳ್ಳಾರಿ ಬಳಿಯ ಕುಡತಿನಿಯಲ್ಲಿ ದೊಡ್ಡ ಬೂದಿ ದಿಬ್ಬವೊಂದಿದೆ. ಅದು ಹಿಡಿಂಬಾಸುರನ ದೇಹ ಸುಟ್ಟ ಬೂದಿ ಎಂದು ಜನ ಹೇಳುತ್ತಿದ್ದರು. ಅದು ಜ್ವಾಲಾಮುಖಿಯದ್ದು, ಯುದ್ಧದಲ್ಲಿ ಸತ್ತವರ ಚಿತೆಯದ್ದು ಎಂಬ ಊಹೆಗಳೂ ಇದ್ದವು. ಫೂಟ್ ಅವರು ಅದರ ಬೂದಿಯನ್ನೂ ಸುತ್ತಲಿನ ಪ್ರಾಚೀನ ನೆಲೆಗಳನ್ನೂ ನೋಡಿ, ನವಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ರಾಶಿ ಇದು ಎಂದು ಅಭಿಪ್ರಾಯಪಟ್ಟರು. 1957ರಲ್ಲಿ ಉತ್ನೂರಿನಲ್ಲಿ ಇಂತಹದ್ದೇ ದಿಬ್ಬವನ್ನು ರೇಮಂಡ್ ಆಲ್ಚಿನ್ ಅವರು ಉತ್ಖನನ ಮಾಡಿದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. ಊಹಿಸಿದವರು ತೀರಿಕೊಂಡು 45 ವರ್ಷಗಳ ಮೇಲೆ ಪುರಾವೆ ಬಂತು.

ಕೊನೆಯ ದಿನಗಳು

1891ರಲ್ಲಿ ನಿವೃತ್ತರಾದ ಫೂಟ್ ಅವರು ಬಳಿಕ ಬರೋಡಾ ಸಂಸ್ಥಾನಕ್ಕೆ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಆರಂಭಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಕೊನೆಗೆ ಸೇಲಂ ಬಳಿಯ ಯೇರ್ಕಾಡು ಬೆಟ್ಟದಲ್ಲಿ ನೆಲೆಸಿದರು. ಜೀವಮಾನವಿಡೀ ಕೂಡಿಸಿದ್ದ ಶಿಲಾಯುಧ, ಮಡಕೆಗಳ ಸಂಗ್ರಹ ಮದ್ರಾಸ್ ವಸ್ತುಸಂಗ್ರಹಾಲಯದ ಪಾಲಾಯಿತು. ಪ್ರತಿಯೊಂದೂ ಯಾವ ಊರಿನಲ್ಲಿ ಸಿಕ್ಕಿತು ಎಂಬುದನ್ನು ಬರೆದಿಡುವುದೇ ಅವರ ಮುಪ್ಪಿನ ಕೆಲಸವಾಯಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಸಂಗ್ರಹದ ವಿವರ ಪಟ್ಟಿ 1914ರಲ್ಲಿ, ಅದರ ಟಿಪ್ಪಣಿಗಳು 1916ರಲ್ಲಿ ಮುದ್ರಣವಾಗಿ ಬಂದವು.

ಆ ದಾಖಲೆಗಳು ವ್ಯರ್ಥವಾಗಲಿಲ್ಲ. ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ನಮ್ಮ ಕಾಲದಲ್ಲಿ ಮತ್ತೆ ಉತ್ಖನನ ನಡೆಸಿದರು. ಅಲ್ಲಿಯ ಅತಿ ಹಳೆಯ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಎಂದು ಅವರು 2011ರಲ್ಲಿ ಪ್ರಕಟಿಸಿದರು. ಇತ್ತ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಗುಡ್ಡದ ಔಷಧೀಯ ಸಸ್ಯಗಳಿಗಾಗಿ ಹೋರಾಡಿದ ಜನರ ಶ್ರಮ ಅದರ ಹಿಂದಿದೆ. ಆ ಗುಡ್ಡದ ಬೆಲೆಯನ್ನು ಚಿನ್ನದಿಂದ ಮಾತ್ರ ಅಳೆಯಬೇಕಾಗಿಲ್ಲ ಎಂಬುದೂ ನಾಡಿಗೆ ಈಗ ಅರಿವಾಗಿದೆ.

ನಮ್ಮ ಮಕ್ಕಳು ಇಂದು ಎಂಜಿನಿಯರಿಂಗ್, ವಿಜ್ಞಾನದ ಕಾಲೇಜುಗಳಿಗೆ ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಿದ್ದಾರೆ. ಪ್ರಾಜೆಕ್ಟ್ ವರದಿಯಲ್ಲಿ ಉತ್ತರ ಮೊದಲೇ ಬರೆದು ಲೆಕ್ಕವನ್ನು ಅದಕ್ಕೆ ಹೊಂದಿಸುವ ಆಸೆ ಯಾವ ಕಾಲದಲ್ಲೂ ಇರುವಂಥದ್ದೇ. ಗಮನಿಸಿ ನೋಡುವುದು, ವಿಂಗಡಿಸುವುದು, ಹೋಲಿಸುವುದು, ಮೂಲದವರೆಗೆ ಹೋಗುವುದು, ಇತರರು ಪರೀಕ್ಷಿಸುವಂತೆ ಬರೆದಿಡುವುದು, ತಪ್ಪಾದಲ್ಲಿ ತಿದ್ದಿಕೊಳ್ಳುವುದು – ಇಷ್ಟನ್ನು ಫೂಟ್ ಅವರು ಯಾವ ಯಂತ್ರದ ನೆರವೂ ಇಲ್ಲದೆ ಮಾಡಿ ತೋರಿಸಿದರು. ಹುಬ್ಬಳ್ಳಿಯಿಂದ ಗದಗಿನ ಕಡೆ ಪಯಣಿಸುವ ನಮ್ಮ ಓದುಗರು ಸಾಧ್ಯವಾದರೆ ಒಮ್ಮೆ ಸೊರಟೂರು, ದಂಬಳದವರೆಗೂ ಹೋಗಿ ಬರಲಿ. ಅಲ್ಲಿಯ ಹಳ್ಳದ ಮರಳನ್ನು ಕಂಡಾಗ ಈ ಸಂಶೋಧಕನನ್ನೂ ಅವರಿಗಾಗಿ ಮರಿಗೆ ಹಿಡಿದ ಜಲಗಾರರನ್ನೂ ನಾವು ಕೃತಜ್ಞತೆಯಿಂದ ನೆನೆಯೋಣ.