ಸಮದೃಷ್ಟಿಯ ಅರಸು

ಮೈಸೂರಿನ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರು ಜನಿಸಿದ್ದು 1884ರಲ್ಲಿ. ತಂದೆಯವರು 1894ರಲ್ಲಿ ಸ್ವರ್ಗಸ್ಥರಾಗಲು, ಬಾಲ್ಯದಲ್ಲಿಯೇ ಪಟ್ಟವೇರಿ, ಮಾತೃಶ್ರೀಯವರ ಆಶ್ರಯದಲ್ಲಿ ಬೆಳೆದು, 1902ರಲ್ಲಿ ರಾಜ್ಯಭಾರವನ್ನು ಸ್ವತಃ ವಹಿಸಿಕೊಂಡರು.

ಆ ಕಾಲದಲ್ಲಿ ಸರಕಾರದ ಹುದ್ದೆಗಳು ಬಹುಮಟ್ಟಿಗೆ ಒಂದೇ ವರ್ಗದವರ ಕೈಯಲ್ಲಿದ್ದವು. ಹೊಲದಲ್ಲಿ ದುಡಿದು ಕಂದಾಯ ತೆರುತ್ತಿದ್ದ ಒಕ್ಕಲಿಗ, ವೀರಶೈವ ಮೊದಲಾದ ಸಮಾಜಗಳ ಮಕ್ಕಳಿಗೆ ಕಚೇರಿಯಲ್ಲಿ ಸ್ಥಾನ ವಿರಳವಾಗಿತ್ತು. 1918ರಲ್ಲಿ ಪ್ರಜಾಮಿತ್ರ ಮಂಡಳಿಯ ಮುಖಂಡರು ಈ ಅಳಲನ್ನು ಅರಸರಲ್ಲಿ ಬಿನ್ನವಿಸಿಕೊಂಡರು. ಅರಸರು ಮುಖ್ಯ ನ್ಯಾಯಾಧೀಶರಾದ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ನೇಮಕಕ್ಕೆ ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂದು ಭಾವಿಸಿದ ದಿವಾನ್ ವಿಶ್ವೇಶ್ವರಯ್ಯನವರು ಪದವಿಯನ್ನೇ ತ್ಯಜಿಸಿದರು. ಅಂತಹ ಸಮರ್ಥ ಮಂತ್ರಿಯನ್ನು ಕಳೆದುಕೊಂಡರೂ ಅರಸರು ಹಿಂಜರಿಯಲಿಲ್ಲ. ಅವಕಾಶವೇ ದೊರೆಯದವನ ಯೋಗ್ಯತೆಯನ್ನು ಅಳೆಯುವುದೆಂತು?

1921ರ ಆಜ್ಞೆಯು 7 ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಾಗದಂತೆ ಹಿಂದುಳಿದ ಸಮಾಜದವರಿರಬೇಕೆಂಬ ಗುರಿಯನ್ನು ಸ್ಥಾಪಿಸಿತು. ವೀರಶೈವರೂ ಅದರ ಫಲಭಾಗಿಗಳಾದರು.

ಅರಸರು 1940ರಲ್ಲಿ ಕಾಲವಾದರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ಗೃಹಸ್ಥರು ಅವರನ್ನು ನೆನೆಯುವುದು ಉಚಿತವೇ ಸರಿ. ಆದರೆ ನೆನೆದರಷ್ಟೇ ಸಾಲದು. ಅಂದು ಯಾರಿಗಾಗಿ ಬಾಗಿಲು ತೆರೆಯಿತೋ ಅವರು ಇಂದೂ ಹೊರಗೆ ನಿಂತವರಿಗಾಗಿ ಅದನ್ನು ತೆರೆದಿಡುವುದೇ ಆ ಋಣವನ್ನು ತೀರಿಸುವ ಬಗೆ.