ಗಾಂಧೀಜಿಯವರ ಕೈದುಡಿಮೆ

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ ಹೆಡತಲೆ, ತಗಡೂರು, ಬದನವಾಳು ಮೊದಲಾದ ಗ್ರಾಮಗಳಿವೆ. ಹೆಡತಲೆಯು ತನ್ನ ಲಕ್ಷ್ಮೀಕಾಂತ ದೇವಾಲಯದಿಂದ ಹೆಸರುವಾಸಿಯಾದರೆ, ಬದನವಾಳು ಹೆಸರಾದುದು ನೂಲಿನಿಂದ. 1927ರಲ್ಲಿ ಅಂದಿನ ಮೈಸೂರು ಸರ್ಕಾರವು ಅಲ್ಲಿ ಖಾದಿ ಕೇಂದ್ರವೊಂದನ್ನು ತೆರೆಯಿತು. ಹೊಲಗದ್ದೆಗಳಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಬರಿಗೈಯಲ್ಲಿ ಕೂರಬೇಕಾಗಿದ್ದ ಬಡ ಹೆಂಗಸರಿಗೆ ರಾಟೆಯು ನಾಲ್ಕು ಕಾಸು ತಂದುಕೊಟ್ಟಿತು. ತಗಡೂರಿನಲ್ಲಿ ರಾಮಚಂದ್ರರಾಯರು ಖಾದಿಗಾಗಿಯೂ ಅಸ್ಪೃಶ್ಯತೆಯ ನಿವಾರಣೆಗಾಗಿಯೂ ದುಡಿಯುತ್ತಿದ್ದರು. 1934ರ ಜನವರಿಯಲ್ಲಿ ಹರಿಜನ ಯಾತ್ರೆಯನ್ನು ಕೈಗೊಂಡಿದ್ದ ಮಹಾತ್ಮ ಗಾಂಧಿಯವರು ಈ ಎರಡೂ ಊರುಗಳಿಗೆ ಬಂದರು. ನೂಲುವ ಹೆಂಗಸರ ನಡುವೆ ಅವರು ಕೇವಲ ಅತಿಥಿಯಾಗಿರಲಿಲ್ಲ. ಹತ್ತಿಯನ್ನು ಹಿಂಜುವುದು, ಹಂಜಿ ಮಾಡುವುದು, ಕದಿರನ್ನು ನೆಟ್ಟಗೆ ಮಾಡುವುದು, ಎಲ್ಲವನ್ನೂ ಬಲ್ಲವರಾಗಿದ್ದರು. ಲಂಡನ್ನಿನಲ್ಲಿ ಓದಿ ಬ್ಯಾರಿಸ್ಟರ್ ಆದ ದಿವಾನರ ಮಗನೊಬ್ಬನಿಗೆ ಇಂಥ ವಿದ್ಯೆ ಹೇಗೆ ಒಲಿಯಿತೆಂಬುದೇ ಒಂದು ಕಥೆ.

ಗಾಂಧೀಜಿಯವರು 1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಜನಿಸಿದರು. ವಕೀಲಿ ವೃತ್ತಿಗಾಗಿ 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅವರ ಕೈದುಡಿಮೆ ಅಲ್ಲಿ ಪ್ರಾರಂಭವಾಯಿತು, ಅದೂ ನಗೆಪಾಟಲಿನಿಂದ. ಅಗಸನ ಖರ್ಚನ್ನು ಉಳಿಸಬೇಕೆಂದು ಅವರು ತಮ್ಮ ಬಟ್ಟೆಯನ್ನು ತಾವೇ ಒಗೆದು ಗಂಜಿ ಹಾಕತೊಡಗಿದರು. ಮೊದಲ ದಿನ ಗಂಜಿ ಹೆಚ್ಚಾಗಿ, ನ್ಯಾಯಾಲಯದಲ್ಲಿ ಕಾಲರಿನಿಂದ ಉದುರತೊಡಗಿತು. ಪ್ರಿಟೋರಿಯದಲ್ಲಿ ಬಿಳಿಯ ಕ್ಷೌರಿಕನೊಬ್ಬನು ಅವರ ಕೂದಲು ಕತ್ತರಿಸಲು ಒಪ್ಪದೆ ಹೋದಾಗ, ಕತ್ತರಿಸುವ ಯಂತ್ರವನ್ನು ಕೊಂಡುತಂದು ಕನ್ನಡಿಯ ಮುಂದೆ ನಿಂತು ತಾವೇ ಕತ್ತರಿಸಿಕೊಂಡರು. ಮುಂಭಾಗ ಹೇಗೋ ಸರಿಹೋಯಿತು, ಹಿಂಭಾಗ ಹಾಳಾಯಿತು. ತಲೆಯನ್ನು ಇಲಿ ಕಡಿದಿದೆಯೇ ಎಂದು ಜೊತೆಯ ವಕೀಲರು ಕೇಳಿ ನಕ್ಕರು. ಗಾಂಧೀಜಿಯವರೂ ಅವರೊಡನೆ ನಕ್ಕರು. ಆದರೆ ಕೈಯಲ್ಲಿ ಹಿಡಿದ ಕೆಲಸವನ್ನು ಬಿಡಲಿಲ್ಲ.

ಈ ಮಿತವ್ಯಯವು ಮನೆಯವರಿಗೆ ಯಾವಾಗಲೂ ಹಗುರವಾಗಿತ್ತೆಂದು ಹೇಳಲಾಗದು. 1901ರಲ್ಲಿ ಭಾರತಕ್ಕೆ ಹೊರಟಾಗ ಅಲ್ಲಿನ ಭಾರತೀಯರು ಅನೇಕ ಉಡುಗೊರೆಗಳನ್ನಿತ್ತರು. ಅವುಗಳಲ್ಲಿ ಕಸ್ತೂರಬಾ ಅವರಿಗೆಂದು ಕೊಟ್ಟ ಚಿನ್ನದ ಹಾರವೂ ಇದ್ದಿತು. ಎಲ್ಲವನ್ನೂ ಸಾರ್ವಜನಿಕ ನಿಧಿಗೆ ಸೇರಿಸಬೇಕೆಂದು ಗಾಂಧೀಜಿಯವರು ಹಟ ಹಿಡಿದಾಗ ಆ ತಾಯಿ ಕಣ್ಣೀರು ಸುರಿಸಿದರು. ಕಡೆಗೆ ಹಾರ ಹೋಯಿತು. ಗಂಡನ ವ್ರತದ ಅರ್ಧಭಾರವನ್ನು ಕಸ್ತೂರಬಾ ಜೀವನವಿಡೀ ಹೊತ್ತರೆಂಬುದನ್ನು ನಾವು ಮರೆಯಬಾರದು.

1910ರಲ್ಲಿ ಸತ್ಯಾಗ್ರಹಿಗಳ ಸಂಸಾರಗಳಿಗೆ ಆಶ್ರಯ ಬೇಕಾಯಿತು. ಗೆಳೆಯ ಕ್ಯಾಲನ್‌ಬಾಕ್ ಜೋಹಾನ್ಸ್‌ಬರ್ಗಿನಿಂದ 21 ಮೈಲಿ ದೂರದಲ್ಲಿದ್ದ 1,100 ಎಕರೆ ಭೂಮಿಯನ್ನು ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರಂ. ಅಲ್ಲಿ ಕೂಲಿಯಾಳುಗಳಿರಲಿಲ್ಲ, ಅಡಿಗೆಯಿಂದ ಹಿಡಿದು ಕಕ್ಕಸು ಶುಚಿ ಮಾಡುವವರೆಗೆ ಎಲ್ಲವೂ ನಿವಾಸಿಗಳದೇ ಕೆಲಸ. ಬಚ್ಚಲ ನೀರು ಮರಗಳ ಬುಡಕ್ಕೆ ಹೋಗುತ್ತಿತ್ತು. ಎಂಜಲು, ತರಕಾರಿಯ ಸಿಪ್ಪೆ, ಮಲ ಮೊದಲಾದುವೆಲ್ಲ ಮಣ್ಣಿನಡಿಯಲ್ಲಿ ಗೊಬ್ಬರವಾಗುತ್ತಿದ್ದುವು. ಅಷ್ಟು ಜನ ವಾಸವಾಗಿದ್ದರೂ ಅಲ್ಲಿ ಕಸವಾಗಲಿ ದುರ್ವಾಸನೆಯಾಗಲಿ ಕಾಣುತ್ತಿರಲಿಲ್ಲ. ಸೆರೆಮನೆಯ ಉಡುಪನ್ನು ಹೋಲುವ ಒರಟು ನೀಲಿ ಬಟ್ಟೆಯಿಂದ ಷರಾಯಿ, ಅಂಗಿಗಳನ್ನು ಹೆಂಗಸರು ಹೊಲಿಯುತ್ತಿದ್ದರು. ಕ್ಯಾಲನ್‌ಬಾಕ್ ಕ್ರೈಸ್ತ ಸನ್ಯಾಸಿಗಳ ಮಠವೊಂದಕ್ಕೆ ಹೋಗಿ ಚಪ್ಪಲಿ ಮಾಡುವುದನ್ನು ಕಲಿತುಬಂದರು. ಅವರಿಂದ ಗಾಂಧೀಜಿಯವರು ಕಲಿತರು, ಅವರಿಂದ ಇತರರು. ಮೇಲುಜಾತಿಯವರು ತೊಗಲನ್ನು ಮುಟ್ಟುವುದೇ ಹೊಲೆಯೆಂದು ಭಾವಿಸಿದ್ದ ಕಾಲವದು.

ಆ ಚಪ್ಪಲಿಗಳಲ್ಲೊಂದು ಜೊತೆ ಜನರಲ್ ಸ್ಮಟ್ಸ್ ಅವರ ಪಾಲಿಗೆ ಬಂದಿತು. ಗಾಂಧೀಜಿಯವರನ್ನು ಸೆರೆಗೆ ಕಳುಹಿಸಿದ ಸರ್ಕಾರದ ಮಂತ್ರಿ ಅವರು. ಸೆರೆಯಲ್ಲಿ ತಾವೇ ಹೊಲಿದ ಚಪ್ಪಲಿಗಳನ್ನು 1914ರಲ್ಲಿ ಅವರಿಗೆ ಕಾಣಿಕೆಯಾಗಿತ್ತು ಗಾಂಧೀಜಿಯವರು ಆಫ್ರಿಕವನ್ನು ಬಿಟ್ಟರು. ಸ್ಮಟ್ಸ್ ಅವುಗಳನ್ನು ಎಷ್ಟೋ ಬೇಸಗೆಗಳಲ್ಲಿ ಮೆಟ್ಟಿದರು. 1939ರಲ್ಲಿ ಗಾಂಧೀಜಿಯವರ ಎಪ್ಪತ್ತನೆಯ ಹುಟ್ಟುಹಬ್ಬದ ಗ್ರಂಥಕ್ಕೆ ಲೇಖನ ಬರೆಯುತ್ತ, ಅಂಥ ಮಹಾಪುರುಷನ ಚಪ್ಪಲಿಯಲ್ಲಿ ಕಾಲಿಡುವ ಯೋಗ್ಯತೆ ತಮಗಿಲ್ಲವೆಂಬ ಭಾವವನ್ನು ತೋಡಿಕೊಂಡರು.

ಭಾರತಕ್ಕೆ ಬಂದ ವರ್ಷವೇ, 1915ರಲ್ಲಿ, ಮುಂಬಯಿಯ ಕಾಂಗ್ರೆಸ್ ಅಧಿವೇಶನದ ಸಮಯದಲ್ಲಿ ನಡೆದ ಘಟನೆಯನ್ನು ಕಾಕಾ ಕಾಲೇಲಕರರು ದಾಖಲಿಸಿದ್ದಾರೆ. ಗಾಂಧೀಜಿಯವರು ಏನನ್ನೋ ಕಳೆದುಕೊಂಡು ಆತುರದಿಂದ ಹುಡುಕುತ್ತಿದ್ದರು. ಕೇಳಿದರೆ, ಎರಡು ಅಂಗುಲದ ಒಂದು ಮೋಟು ಪೆನ್ಸಿಲು! ಕಾಲೇಲಕರರು ತಮ್ಮ ಪೆನ್ಸಿಲನ್ನು ಕೊಡಲು ಬಂದರೂ ಒಪ್ಪಲಿಲ್ಲ. ಮದರಾಸಿನಲ್ಲಿ ನಟೇಶನ್ ಅವರ ಪುಟ್ಟ ಮಗ ಪ್ರೀತಿಯಿಂದ ಕೊಟ್ಟುದು ಅದು. ಅದನ್ನು ಹೇಗೆ ಕಳೆಯುವುದು? ಸಿಕ್ಕಿದ ಮೇಲೆಯೇ ಅವರಿಗೆ ಸಮಾಧಾನವಾಯಿತು. ಬಂದ ಲಕೋಟೆಗಳನ್ನು ಬಿಡಿಸಿ ಒಳಮೈಯಲ್ಲಿ ಬರೆಯುವುದು, ಮೌನದ ಸೋಮವಾರಗಳಂದು ಹಳೆಯ ಕಾಗದದ ಚೂರುಗಳಲ್ಲಿ ಉತ್ತರ ಗೀಚುವುದು ಇವೆಲ್ಲ ಅವರ ನಿತ್ಯದ ಅಭ್ಯಾಸಗಳಾಗಿದ್ದುವು. ಹಾಗೆಂದು ಅವರ ಸರಳತೆ ಎಲ್ಲ ಸಲವೂ ಅಗ್ಗವಾಗಿರಲಿಲ್ಲ. ಅವರನ್ನು ಬಡತನದಲ್ಲಿಡಲು ಎಷ್ಟು ಹಣ ಬೇಕಾಗುತ್ತದೆಯೋ ಎಂದು ಸರೋಜಿನಿ ನಾಯಿಡು ಅವರು ಹಾಸ್ಯ ಮಾಡುತ್ತಿದ್ದರು.

ರಾಟೆಯು ಅವರಿಗೆ ಸುಲಭವಾಗಿ ದೊರೆಯಲಿಲ್ಲ. ಆಶ್ರಮದಲ್ಲಿ ಮಗ್ಗಗಳನ್ನು ಹೂಡಿದರೂ ನೂಲು ಗಿರಣಿಯದೇ ಆಗಿತ್ತು. ನೂಲಲು ಕಲಿಸುವವರೇ ಇರಲಿಲ್ಲ. ಗಂಗಾಬೆನ್ ಎಂಬ ಧೀರ ಮಹಿಳೆ ಗುಜರಾತಿನಲ್ಲೆಲ್ಲ ಅಲೆದು, ಕಡೆಗೆ ಬರೋಡ ಸಂಸ್ಥಾನದ ವಿಜಾಪುರದಲ್ಲಿ ರಾಟೆಗಳನ್ನು ಪತ್ತೆ ಮಾಡಿದರು. ಕೆಲಸಕ್ಕೆ ಬಾರದ ಸಾಮಾನೆಂದು ಜನ ಅವನ್ನು ಅಟ್ಟಕ್ಕೆ ಏರಿಸಿದ್ದರು! ಹಂಜಿ ಒದಗಿಸಿದರೆ ಮತ್ತೆ ನೂಲುವೆವೆಂದರು. ಮುಂದೆ ದೇಶವೇ ಹಿಡಿದ ಚಳವಳಿ ಹೀಗೆ ಮೂಲೆಗೆ ಬಿದ್ದ ವಸ್ತುವಿನಿಂದ ಹೊರಟಿತು. 1925ರಲ್ಲಿ ಅಖಿಲ ಭಾರತ ಚರಕ ಸಂಘ ಸ್ಥಾಪನೆಯಾಯಿತು. ಯರವಾಡ ಸೆರೆಮನೆಯಲ್ಲಿದ್ದಾಗ ಗಾಂಧೀಜಿಯವರು ಮಡಿಸಿ ಒಯ್ಯಬಹುದಾದ ಪೆಟ್ಟಿಗೆಯ ರಾಟೆಯನ್ನು ರೂಪಿಸುವುದರಲ್ಲಿ ತೊಡಗಿದರು. 1934ರ ಕೊನೆಯಲ್ಲಿ ಹುಟ್ಟಿದ ಗ್ರಾಮೋದ್ಯೋಗ ಸಂಘವು ವಾರ್ಧಾದಲ್ಲಿ ಎಣ್ಣೆಗಾಣ, ಕೈಕಾಗದ ಮೊದಲಾದ ಕಸುಬುಗಳನ್ನು ಎತ್ತಿಹಿಡಿಯಿತು. ಚಿಂದಿಬಟ್ಟೆ, ರದ್ದಿಕಾಗದಗಳು ಅಲ್ಲಿ ಮರಳಿ ಬರೆಯುವ ಹಾಳೆಗಳಾದುವು.

ಇಲ್ಲಿಯೇ ಒಂದು ಕಠಿಣ ಪ್ರಶ್ನೆ ಎದುರಾಯಿತು. ನೂಲುವವಳ ಕೂಲಿ ತೀರ ಅಲ್ಪವಾಗಿತ್ತು. ಹೆಚ್ಚು ಕೊಟ್ಟರೆ ಖಾದಿಯ ಬೆಲೆ ಏರುತ್ತದೆ. ಬೆಲೆ ಏರಿದರೆ ಕೊಳ್ಳುವವರಿಲ್ಲ. ಗಿರಣಿ ಬಟ್ಟೆಯ ಎದುರಿನಲ್ಲಿ ಖಾದಿ ಆಗಲೇ ದುಬಾರಿಯಾಗಿತ್ತು. 1935ರಲ್ಲಿ ಗಾಂಧೀಜಿಯವರು ಎಂಟು ಗಂಟೆಯ ದುಡಿಮೆಗೆ ಎಂಟಾಣೆ ದೊರೆಯಬೇಕೆಂದು ಸೂಚಿಸಿದರು. ಕಾರ್ಯಕರ್ತರು ಅಂಜಿದರು. ಬಹುಕಾಲದಿಂದ ಬೆಳೆಸಿದ ಮಾರಾಟ ಕುಸಿಯುವುದೆಂದು ವಾದಿಸಿದರು. ಅವರ ಭಯ ನಿರಾಧಾರವಾಗಿರಲಿಲ್ಲ. ಆದರೂ ಗಾಂಧೀಜಿಯವರು ಜಗ್ಗಲಿಲ್ಲ. ಅಗ್ಗದ ಖಾದಿಗಾಗಿ ತಾವೇ ಇಷ್ಟು ವರ್ಷ ಬಡವರ ಕೂಲಿಯನ್ನು ಹಿಡಿದಿಟ್ಟೆವೆಂಬ ಅರಿವು ಅವರನ್ನು ಬಾಧಿಸುತ್ತಿತ್ತು. ಎಂಟಾಣೆಯವರೆಗೆ ಹೋಗಲಾಗದಿದ್ದರೂ, ಸಂಘವು ಕನಿಷ್ಠ ಕೂಲಿಯ ತತ್ತ್ವವನ್ನು ಒಪ್ಪಿ ದರವನ್ನು ಏರಿಸಿತು. ಮೋಟು ಪೆನ್ಸಿಲನ್ನು ಬಿಡದ ಕೈ, ನೂಲುವವಳಿಗೆ ಮಾತ್ರ ಧಾರಾಳವಾಗಿ ಕೊಡಬಯಸಿತು.

1947ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ತಳ ವಿವಾಹಕ್ಕೆ ಅವರು ಕಳುಹಿಸಿದುದು, ತಾವೇ ನೂತ ನೂಲಿನಿಂದ ಹೆಣೆದ ಒಂದು ಬಟ್ಟೆ. ಕೊಡಲು ಅವರ ಬಳಿ ಬೇರೆ ಸಂಪತ್ತಿರಲಿಲ್ಲ. ಎರಡು ತಿಂಗಳು ಕಳೆದ ಬಳಿಕ, 1948ರ ಜನವರಿ 30ರಂದು, ದೆಹಲಿಯಲ್ಲಿ ಪ್ರಾರ್ಥನೆಗೆ ಹೋಗುತ್ತಿದ್ದಾಗ ಅವರು ಗುಂಡಿಗೆ ಬಲಿಯಾದರು.

ಬದನವಾಳಿನ ಖಾದಿ ಕೇಂದ್ರವು ಮುಂದೆ ಕಾಲಕ್ರಮದಲ್ಲಿ ಕ್ಷೀಣಿಸಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸರಳ ಬದುಕಿಗಾಗಿ ಅಲ್ಲಿಯೇ ಸತ್ಯಾಗ್ರಹವನ್ನು ಹೂಡಿದರು. ಆ ವರ್ಷದ ಏಪ್ರಿಲಿನಲ್ಲಿ ನಾಡಿನ ಹಲವು ಭಾಗಗಳ ಜನರು ಆ ಹಳ್ಳಿಗೆ ಬಂದು ಸೇರಿದರು.